ನಿಮಗಿದು ಗೊತ್ತೇ? ಅಜ್ಜಿಯ ಓಟು ಕೋರ್ಟು ಹತ್ತಿದಾಗ

ಕೊರೊನಾ ಕಾಲದಲ್ಲಿ ಹಿರಿಯರಿಗೆ ಎಲ್ಲರೂ ಹೇಳಿದ್ದು ಒಂದೇ ಮಾತು: ಹೊಸಿಲು ದಾಟಬೇಡಿ. ಚುನಾವಣೆಗಳು ಮಾತ್ರ ನಿಲ್ಲಲಿಲ್ಲ. ಹಾಗಾದರೆ ಓಟು ಹಾಕುವುದು ಹೇಗೆ? ಅದಿರಲಿ, ‘ಹಿರಿಯರು’ ಅಂದರೆ ಎಷ್ಟು ವರ್ಷದವರು?

● ಅಮೆರಿಕದ ಟೆಕ್ಸಾಸ್‌ನಲ್ಲಿ 65 ತುಂಬಿದವರು ಕಾರಣ ಹೇಳದೆಯೇ ಅಂಚೆಯಲ್ಲಿ ಓಟು ಕಳಿಸಬಹುದು. 64ರವರು ಕಾಯಿಲೆ, ಅಂಗವೈಕಲ್ಯದಂಥ ಕಾರಣ ಕೊಡಬೇಕು. ಸೋಂಕಿನ ಭಯ ಸಾಲದೇ? ಸಾಲದು! ರೋಗನಿರೋಧಕ ಶಕ್ತಿ ಇಲ್ಲದಿರುವುದೊಂದೇ ಅಂಗವೈಕಲ್ಯವಾಗದು ಎಂದು 2020ರ ಮೇನಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು.

● ವಯಸ್ಸು ನೋಡಿ ಮತದಾನದ ಹಕ್ಕು ಕಸಿಯಬಾರದು ಎನ್ನುತ್ತದೆ ಅಮೆರಿಕ ಸಂವಿಧಾನದ 26ನೇ ತಿದ್ದುಪಡಿ. 1971ರಲ್ಲಿ ಬಂದದ್ದು 18ರ ಹುಡುಗರಿಗಾಗಿ. ಅದನ್ನೇ ಹಿಡಿದು ‘65ರವರಿಗಿರುವ ಸೌಲಭ್ಯ ನಮಗೇಕಿಲ್ಲ?’ ಎಂದು ಟೆಕ್ಸಾಸ್‌ನಲ್ಲಿ ದಾವೆ ಬಿತ್ತು. ಫೆಡರಲ್ ಮೇಲ್ಮನವಿ ನ್ಯಾಯಾಲಯ 2020ರ ಸೆಪ್ಟೆಂಬರ್‌ನಲ್ಲಿ 2–1ರಿಂದ ಒಪ್ಪಲಿಲ್ಲ. ತೀರ್ಪಿನ ತಿರುಳು ಇಷ್ಟು: ಒಬ್ಬರ ಎಲೆಗೆ ಹೆಚ್ಚು ಬಡಿಸಿದರೆ ಇನ್ನೊಬ್ಬರ ಎಲೆಯಿಂದ ತೆಗೆದಂತಲ್ಲ.

● ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿಯಲ್ಲಿ 40 ಲಕ್ಷಕ್ಕೂ ಹೆಚ್ಚು ಜನ. ಅಂಚೆ ಮತಪತ್ರವನ್ನು ಕೈಯಾರೆ ಒಪ್ಪಿಸಲು ಅಲ್ಲಿ 12 ಕೇಂದ್ರಗಳಿದ್ದವು. 2020ರ ಅಕ್ಟೋಬರ್ 1ರ ಗವರ್ನರ್ ಆದೇಶದಿಂದ ಉಳಿದದ್ದು ಒಂದೇ! ವಯಸ್ಸಾದವರು ಅಷ್ಟು ದೂರ ಹೋಗುವುದೆಂತು ಎಂಬ ವಾದ ಕೊನೆಗೆ ಕೋರ್ಟಿನಲ್ಲಿ ನಿಲ್ಲಲಿಲ್ಲ.

● ಅಲಬಾಮದಲ್ಲಿ ಅಂಚೆ ಮತಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ಇಲ್ಲವೇ ನೋಟರಿಯದು. ಯಾರನ್ನೂ ಹತ್ತಿರ ಸೇರಿಸಬೇಡಿ ಎಂದ ಕಾಲದಲ್ಲಿ ಒಂಟಿ ಅಜ್ಜ ಯಾರನ್ನು ಕರೆಯಬೇಕು? ಕೆಳ ಕೋರ್ಟ್ ಕೊಟ್ಟಿದ್ದ ವಿನಾಯಿತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2020ರ ಜುಲೈ 2ರಂದು 5–4ರಿಂದ ತಡೆಹಿಡಿಯಿತು.

● ಭಾರತದಲ್ಲಿ 80 ದಾಟಿದವರಿಗೆ ಅಂಚೆ ಮತದ ಬಾಗಿಲು ತೆರೆದದ್ದು ಕೊರೊನಾಕ್ಕೂ ಮೊದಲೇ, 2019ರ ಅಕ್ಟೋಬರ್‌ನಲ್ಲಿ. 2020ರ ಜೂನ್‌ನಲ್ಲಿ ಮಿತಿ 65ಕ್ಕೆ ಇಳಿಯಿತು. ಜುಲೈನಲ್ಲಿ ಚುನಾವಣಾ ಆಯೋಗ, ಬಿಹಾರ ಚುನಾವಣೆಗೆ 65ರ ಮಿತಿ ಜಾರಿಯಿಲ್ಲ ಎಂದಿತು. ಕೊರೊನಾ ಕಾಲದ, ಬೂತಿಗೆ ಸಾವಿರ ಮತದಾರರೆಂಬ ಮಿತಿಯಿಂದ ಸುಮಾರು 34 ಸಾವಿರ ಮತಗಟ್ಟೆಗಳನ್ನು ಹೆಚ್ಚಿಸಬೇಕಿತ್ತು. ಹಾಗಿರುವಾಗ ಅಂಚೆ ಮತಕ್ಕೂ ಸಿಬ್ಬಂದಿ ಎಲ್ಲಿಂದ ತರುವುದು?

● ಅಮೆರಿಕದಲ್ಲಿ ಸೌಲಭ್ಯ ಬೇಕೆಂದು ಜಗಳವಾದರೆ, ಮದ್ರಾಸ್ ಹೈಕೋರ್ಟಿಗೆ ಬಂದದ್ದು ಅದಕ್ಕೆ ತಿರುವುಮುರುವು. 80 ದಾಟಿದವರ ಅಂಚೆ ಮತವನ್ನೇ ಡಿಎಂಕೆ ಪ್ರಶ್ನಿಸಿತ್ತು. 2021ರ ಮಾರ್ಚ್‌ನಲ್ಲಿ ಅರ್ಜಿ ವಜಾ ಆಯಿತು.

● ಭಾರತದ ಹಿರಿಯರು ಈ ಅಂಚೆ ಮತ ಹಾಕುವುದು ಮನೆಯಲ್ಲೇ. ಹಾಗಿದ್ದರೆ ಗುಟ್ಟು ಉಳಿಯುತ್ತದೆಯೇ? ಅದಕ್ಕೆ ಬೇಕಾದ ಅರ್ಜಿ, ನಮೂನೆ 12ಡಿ, ತುಂಬಿದವರ ಮನೆಗೆ ಅಧಿಕಾರಿಗಳ ತಂಡ ಬರುತ್ತದೆ. ಜೊತೆಗೆ ಪೊಲೀಸರು, ವಿಡಿಯೊದವರು. ಗುರುತು ಹಾಕಿದ ಮತಪತ್ರ ಸಣ್ಣ ಲಕೋಟೆಯೊಳಗೆ. ಹೆಸರಿರುವ ಘೋಷಣಾ ಪತ್ರ ಅದರ ಹೊರಗೆ. ಎರಡೂ ಸೇರಿ ದೊಡ್ಡ ಲಕೋಟೆಗೆ. ಹೆಸರು ಬೇರೆ, ಓಟು ಬೇರೆ!

● ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಮನೆಯಿಂದಲೇ ಮತದಾನ ಮೊದಲು ಬಂದದ್ದು 2023ರಲ್ಲಿ, 80 ದಾಟಿದವರಿಗೆ. 2024ರ ಲೋಕಸಭಾ ಚುನಾವಣೆಗೆ ಮಿತಿ 85ಕ್ಕೆ ಏರಿತು. ಹೀಗಾಗಿ ಜಗಲಿಯಲ್ಲೇ ಕೂತು ಓಟು ಹಾಕಿದ 81ರ ಅಜ್ಜಿ, ಅಂಗವೈಕಲ್ಯದ ಪ್ರಮಾಣಪತ್ರ ಇಲ್ಲದಿದ್ದರೆ, ಮರುವರ್ಷ 82ಕ್ಕೆ ಬೂತಿಗೇ ನಡೆಯಬೇಕಾಯಿತು. ವಯಸ್ಸು ಏರಿತು, ಕಾನೂನಿನ ಲೆಕ್ಕದಲ್ಲಿ ಅಜ್ಜಿ ಚಿಕ್ಕವಳಾದಳು!