'ಐ' ಬರಬೇಕಾ, 'ಮೀ' ಬರಬೇಕಾ?

ಪ್ಲೇಸ್‌ಮೆಂಟ್ ಟೆಸ್ಟ್‌ನಲ್ಲಿ ಒಂದೇ ಮಾರ್ಕಿಗೆ ಕಟ್‌ಆಫ್ ತಪ್ಪಬಹುದು. ಸರ್ವನಾಮದ ಪ್ರಶ್ನೆಗಳಿಗೆ ನಮ್ಮ ಕನ್ನಡದ ವಿಭಕ್ತಿಗಳೇ ನೆರವಾಗುತ್ತವೆ.

'ದ ಟೀಚರ್ ಕಾಲ್ಡ್ ರವಿ ಅಂಡ್ ಐ' ಸರಿಯಾ? ರವಿಯನ್ನು ಪಕ್ಕಕ್ಕಿಟ್ಟು ನೋಡೋಣ. 'ಕಾಲ್ಡ್ ಐ' ಅಂತ ಯಾರೂ ಹೇಳಲ್ಲ. ಕನ್ನಡದಲ್ಲೂ 'ನಾನು ಕರೆದರು' ಅನ್ನಲ್ಲ, 'ನನ್ನನ್ನು ಕರೆದರು' ಅಂತೀವಿ. ಹಾಗಾಗಿ 'ಮೀ' ಸರಿ.

'ಹೂ', 'ಹೂಮ್' ಆರಿಸುವಾಗಲೂ ಇದೇ ದಾರಿ: ಉತ್ತರ 'ಅವನು' ಆದರೆ ಹೂ, 'ಅವನನ್ನು' ಆದರೆ ಹೂಮ್.

ಆದರೆ ಒಂದು ಕಡೆ ಈ ಉಪಾಯ ಕೈಕೊಡುತ್ತೆ. ನಾವು 'ಯಾರಿಗೆ ಗೊತ್ತು?' ಅಂತೀವಿ, ಇಂಗ್ಲಿಷಲ್ಲಿ ಅದು 'ಹೂ ನೋಸ್?'. ಅಲ್ಲಿ ಗೊತ್ತಿರುವವನೇ ಕರ್ತೃ. ಹಾಗಾಗಿ ಗೊತ್ತು, ಬೇಕು, ಇಷ್ಟ ಅನ್ನೋ ಅರ್ಥದ ವಾಕ್ಯ ಬಂದಾಗ ಕನ್ನಡದ 'ಗೆ' ನಂಬದೆ, ಇಂಗ್ಲಿಷ್ ಕ್ರಿಯಾಪದದ ಕರ್ತೃ ಯಾರು ಅಂತ ಹುಡುಕೋಣ.