ದೊಡ್ಡ ಸೆಕೆಂಡ್ ಹ್ಯಾಂಡ್ ಅಕ್ವೇರಿಯಂ ತಂದ್ರಾ? ಸಂಪ್ ಕೂರಿಸೋ ಮುಂಚೆ ಕರೆಂಟ್ ಹೋಗೋ ಲೆಕ್ಕ ಹಾಕಿ

ಬೆಂಗಳೂರು: ಮನೆ ಶಿಫ್ಟ್ ಮಾಡುವಾಗ, ಅಂಗಡಿ ಖಾಲಿ ಮಾಡುವಾಗ ಸಾಗಿಸೋಕೆ ಕಷ್ಟವಾಗುವ ಸಾಮಾನುಗಳಲ್ಲಿ ಆರಡಿ ಅಕ್ವೇರಿಯಂ ಕೂಡ ಒಂದು. ಹಾಗಾಗಿ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ಮನೆ, ಅಂಗಡಿಗಳಿಗೆ ಇಂಥ ಟ್ಯಾಂಕ್ ಕಡಿಮೆ ದುಡ್ಡಿಗೆ ಬಂದು ಸೇರುತ್ತೆ. ಆದರೆ ಚಿಕ್ಕ ಟ್ಯಾಂಕಿನ ಫಿಲ್ಟರ್ ಹಾಕಿ ಆಸ್ಕರ್, ಅರೋವಾನದಂಥ ದೊಡ್ಡ ಮೀನು ಬಿಟ್ಟರೆ ಗಲೀಜು ತಡೆಯಲ್ಲ. ಇದಕ್ಕೆ ಸರಿಯಾದ ದಾರಿ ಸಂಪ್ ಫಿಲ್ಟರ್.

ಬೆಂಗಳೂರಲ್ಲಿ ಸಂಪ್ ಅಂದ್ರೆ ಮನೆ ಮುಂದೆ ನೆಲದಡಿ ನೀರು ತುಂಬೋ ತೊಟ್ಟಿ. ಅಕ್ವೇರಿಯಂ ಸಂಪ್ ಬೇರೆ. ಇದು ಟ್ಯಾಂಕಿನ ಕೆಳಗೆ, ಸ್ಟ್ಯಾಂಡ್ ಒಳಗೆ ಕೂರುವ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ನೀರು ಪೈಪಲ್ಲಿ ತಾನಾಗೇ ಇಳಿದು, ಮೂರು ಕೋಣೆ ದಾಟಿ ಶುದ್ಧವಾಗುತ್ತೆ. ಕೊನೆ ಕೋಣೆಯ ಪಂಪ್ ಅದನ್ನು ಮತ್ತೆ ಮೇಲೆ ಕಳಿಸುತ್ತೆ. ಈ ವ್ಯವಸ್ಥೆ ಸರಿಯಿದೆಯಾ ಅನ್ನೋದು ಕರೆಂಟ್ ಇದ್ದಾಗ ಗೊತ್ತಾಗಲ್ಲ, ಹೋದಾಗ ಗೊತ್ತಾಗುತ್ತೆ.

ಮೊದಲು ಟ್ಯಾಂಕ್ ಪರೀಕ್ಷೆ

6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಸುಮಾರು 680 ಲೀಟರ್ ಹಿಡಿಯುತ್ತೆ. ಅಂದ್ರೆ ನೀರೇ 680 ಕೆಜಿ. 12 ಎಂಎಂ ಗಾಜಾದರೆ ಅದರದ್ದೇ ಇನ್ನೂ 120 ಕೆಜಿ ಮೇಲೆ. ಇದರ ಜೊತೆ ಸ್ಟ್ಯಾಂಡ್, ಮರಳು, ಸಂಪ್ ನೀರು. ಮಹಡಿ ಮೇಲೆ ಇಡುವವರು ಕೋಣೆಯ ನಡುವೆ ಇಡಬಾರದು. ಕೆಳಗೆ ಗೋಡೆ, ಬೀಮ್ ಎಲ್ಲಿದೆ ಅಂತ ಎಂಜಿನಿಯರ್ ಹತ್ರ ಕೇಳಿ ಜಾಗ ಗೊತ್ತು ಮಾಡಬೇಕು.

ಟ್ಯಾಂಕ್ ತಂದ ತಕ್ಷಣ ಹಾಲ್‌ನಲ್ಲಿ ಕೂರಿಸಬೇಡಿ. ಹೊರಗೆ ಸಮತಟ್ಟಾದ ಜಾಗದಲ್ಲಿ ಥರ್ಮೋಕೋಲ್ ಹಾಸಿ, ಪೂರ್ತಿ ನೀರು ತುಂಬಿ, ಎರಡು ದಿನ ಬಿಡಿ. ಅಂಚಿನ ಕೆಳಗೆ ಒಣ ಪೇಪರ್ ಇಟ್ಟರೆ ಸಣ್ಣ ಸೋರಿಕೆಯೂ ಕಾಣುತ್ತೆ. ಸೋರಿದರೆ ಹಳೇ ಸಿಲಿಕಾನ್ ಮೇಲೇ ಹೊಸದು ಬಳಿಯೋದು ವ್ಯರ್ಥ, ಅದು ಸರಿಯಾಗಿ ಅಂಟಲ್ಲ. ಹಳೆಯದನ್ನು ಬ್ಲೇಡಿನಿಂದ ಕೆರೆದು ತೆಗೆದೇ ಹಾಕಬೇಕು. ಬಾತ್‌ರೂಮಿಗೆ ಹಾಕುವ, ಬೂಷ್ಟು ತಡೆಯುವ ಸಿಲಿಕಾನ್ ಬೇಡ. ಅದರ ಔಷಧ ಮೀನಿಗೆ ವಿಷ.

ತೂತು ಕೊರೆಯೋದಾ, ಬೇಡವಾ?

ನೀರು ಇಳಿಯೋಕೆ ಗಾಜಿಗೆ ತೂತು ಕೊರೆದು ಟ್ಯಾಂಕ್ ನಿಪ್ಪಲ್ ಹಾಕೋದು ಒಳ್ಳೆಯದು. ಆದರೆ ಟಫನ್ಡ್ ಗಾಜಿಗೆ ಡ್ರಿಲ್ ಇಟ್ಟರೆ ಪೂರ್ತಿ ಪುಡಿಯಾಗುತ್ತೆ. ಸೆಕೆಂಡ್ ಹ್ಯಾಂಡ್ ಟ್ಯಾಂಕಲ್ಲಿ ಯಾವ ಗಾಜಿದೆ ಅಂತ ಮಾರಿದವರಿಗೂ ಗೊತ್ತಿರದೇ ಇರಬಹುದು. ಡ್ರಿಲ್ ಹಿಡಿಯುವ ಮುಂಚೆ ಗಾಜಿನ ಕೆಲಸದವರಿಗೆ ತೋರಿಸಿ. ಅನುಮಾನ ಇದ್ದರೆ ಕೊರೆಯಬೇಡಿ.

ಕೊರೆಯದೆ, ಅಂಚಿನ ಮೇಲಿಂದ ಪಿವಿಸಿ ಪೈಪ್ ಬಗ್ಗಿಸಿ ಸೈಫನ್ ಮಾಡುವವರೂ ಇದ್ದಾರೆ. ಇಲ್ಲಿ ಅಪಾಯ ಒಂದಿದೆ. ಪಂಪ್ ನಿಂತಾಗ ಪೈಪಿಗೆ ಗಾಳಿ ಸೇರಿದರೆ ಸೈಫನ್ ಕಡಿದುಹೋಗುತ್ತೆ. ಕರೆಂಟ್ ಬಂದ ಮೇಲೆ ಪಂಪ್ ನೀರು ಮೇಲೆ ಕಳಿಸ್ತಾನೇ ಇರುತ್ತೆ, ಕೆಳಗೆ ಇಳಿಯೋ ದಾರಿ ಇರಲ್ಲ. ನೀರೆಲ್ಲ ಮನೆಗೆ. ಹಾಗಾಗಿ ಮೀನು ಬಿಡುವ ಮುಂಚೆ ಹತ್ತು ಸಲವಾದರೂ ಸ್ವಿಚ್ ಆಫ್ ಮಾಡಿ, ಆನ್ ಮಾಡಿ, ಪ್ರತಿ ಸಲವೂ ಸೈಫನ್ ತಾನೇ ಶುರುವಾಗುತ್ತಾ ಅಂತ ನೋಡಬೇಕು. ಎರಡೂ ವಿಧಾನದಲ್ಲಿ, ಒಂದು ಪೈಪ್ ಕಟ್ಟಿಕೊಂಡರೆ ಕೆಲಸ ಮಾಡೋಕೆ ಇನ್ನೊಂದು ಪೈಪ್ ಇರಲೇಬೇಕು.

ಒಂದಿಂಚಿಗೆ 28 ಲೀಟರ್

ಕರೆಂಟ್ ಹೋದರೆ ಮೇಲಿನ ನೀರು ಪೈಪಿನ ಬಾಯಿ ಮಟ್ಟದವರೆಗೆ ಸಂಪಿಗೆ ಇಳಿಯುತ್ತೆ. 6x2 ಅಡಿ ಟ್ಯಾಂಕಲ್ಲಿ ಒಂದಿಂಚು ನೀರು ಅಂದ್ರೆ ಸುಮಾರು 28 ಲೀಟರ್. ಒಂದೂವರೆ ಇಂಚು ಇಳಿದರೆ 42 ಲೀಟರ್. 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ಸಂಪಲ್ಲಿ ಅದೇ ನೀರು ಮೂರಿಂಚು ಜಾಗ ಹಿಡಿಯುತ್ತೆ. ಪೈಪೊಳಗಿನ ನೀರೂ ಇದಕ್ಕೆ ಸೇರುತ್ತೆ. ಆದ್ದರಿಂದ 18 ಇಂಚು ಎತ್ತರದ ಸಂಪ್ ಆದರೆ, ಓಡುವಾಗ ನೀರು 12 ಇಂಚು ದಾಟಬಾರದು.

ನೀರು ಮೇಲೆ ಕಳಿಸುವ ಪೈಪೂ ಉಲ್ಟಾ ಎಳೆಯುತ್ತೆ. ಅದರ ಬಾಯಿ ಟ್ಯಾಂಕಿನ ತಳದಲ್ಲಿದ್ದರೆ ಅರ್ಧ ಟ್ಯಾಂಕ್ ಕೆಳಗೆ ಬಂದು ಸಂಪ್ ಉಕ್ಕುತ್ತೆ. ಬಾಯಿ ನೀರಿನ ಮಟ್ಟದ ಹತ್ತಿರವೇ ಇರಲಿ, ಮಟ್ಟಕ್ಕೆ ಸ್ವಲ್ಪ ಕೆಳಗೆ ಪೈಪಿಗೆ ಒಂದು ಸಣ್ಣ ತೂತು ಮಾಡಿ. ನೀರು ಅಲ್ಲಿಗೆ ಇಳಿದ ಕೂಡಲೇ ಗಾಳಿ ಎಳೆದು ನಿಲ್ಲುತ್ತೆ. ಈ ತೂತು ಪಾಚಿ ಕಟ್ಟದಂತೆ ಆಗಾಗ ಚುಚ್ಚಿ ಬಿಡಿಸಬೇಕು. ಬರೀ ಚೆಕ್ ವಾಲ್ವ್ ನಂಬಬೇಡಿ, ಕಸ ಸಿಕ್ಕಿದರೆ ಅದು ಮುಚ್ಚಿಕೊಳ್ಳಲ್ಲ.

ಮೂರು ಕೋಣೆ, ಒಂದು ಪಂಪ್

ಮೊದಲ ಕೋಣೆಯಲ್ಲಿ ಸ್ಪಾಂಜ್, ಫಿಲ್ಟರ್ ಉಲ್ಲನ್. ಇವು ಕಣ್ಣಿಗೆ ಕಾಣುವ ಗಲೀಜು ಹಿಡಿಯುತ್ತವೆ. ಎರಡನೆಯದರಲ್ಲಿ ಸೆರಾಮಿಕ್ ರಿಂಗ್ ಅಥವಾ ಬಯೋ ಬಾಲ್. ಬಜೆಟ್ ಇಲ್ಲದವರು ಸೋಪು ಸೋಕದ, ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ನಾರು ತುಂಬಿದರೂ ನಡೆಯುತ್ತೆ. ಮೂರನೆಯದರಲ್ಲಿ ಪಂಪ್. ಗಂಟೆಗೆ ಟ್ಯಾಂಕಿನ ನೀರು 3ರಿಂದ 5 ಸಲ ಸುತ್ತಿದರೆ ಸಾಕು. ಪೆಟ್ಟಿಗೆ ಮೇಲೆ ಬರೆದ ಲೀಟರ್ ಲೆಕ್ಕ ಐದಡಿ ಮೇಲಕ್ಕೆ ತಳ್ಳುವಾಗ ಬರಲ್ಲ, ಆ ಎತ್ತರಕ್ಕೆ ಎಷ್ಟು ಅಂತ ಕೇಳಿ ತಗೊಳ್ಳಿ.

ನೀರು ಆವಿಯಾದರೆ ಮಟ್ಟ ಇಳಿಯೋದು ಪಂಪ್ ಇರುವ ಕೋಣೆಯಲ್ಲಿ ಮಾತ್ರ. ಬೇಸಿಗೆಯಲ್ಲಿ ದಿನಾ ನೋಡದಿದ್ದರೆ ಪಂಪ್ ಒಣಗಿ ಸುಡುತ್ತೆ. ಪ್ಲಗ್ ಬಾಕ್ಸ್ ಸಂಪಿಗಿಂತ ಎತ್ತರದಲ್ಲಿರಲಿ. ವೈರ್ ಪ್ಲಗ್ಗಿಗಿಂತ ಕೆಳಕ್ಕೆ ಜೋತು ಬಿದ್ದು ಮೇಲೆ ಹೋಗಲಿ, ಆಗ ಹನಿ ಪ್ಲಗ್ಗಿಗೆ ಹರಿಯಲ್ಲ. ಲೈನಿಗೆ ಆರ್‌ಸಿಸಿಬಿ ಇಲ್ಲದೆ ನೀರಿಗೆ ಕೈ ಹಾಕಬೇಡಿ.

ಕಾವೇರಿ ನೀರು, ಕಾಣದ ಬ್ಯಾಕ್ಟೀರಿಯಾ

ಮೀನಿನ ಗಲೀಜಿನಿಂದ ಅಮೋನಿಯಾ ಹುಟ್ಟುತ್ತೆ. ಎರಡನೇ ಕೋಣೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತೆ. ಮೊದಲೆರಡು ಮೀನಿಗೆ ವಿಷ, ಕೊನೆಯದು ಅಷ್ಟು ಅಪಾಯವಲ್ಲ. ಈ ಬ್ಯಾಕ್ಟೀರಿಯಾ ನೆಲೆಯಾಗೋಕೆ 4ರಿಂದ 6 ವಾರ ಬೇಕು. ಮಾರುವವರ ಫಿಲ್ಟರ್ ಇನ್ನೂ ಓಡ್ತಿದ್ದು ಮೀನು ಆರೋಗ್ಯವಾಗಿದ್ದರೆ, ಅದರ ಸ್ಪಾಂಜ್, ರಿಂಗುಗಳನ್ನು ಅದೇ ಟ್ಯಾಂಕ್ ನೀರಲ್ಲಿ ನೆನೆಸಿ ಅವತ್ತೇ ತಂದು ಹಾಕಿ. ಗಾಜಿಗಿಂತ ಇದಕ್ಕೇ ಬೆಲೆ ಜಾಸ್ತಿ.

ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಕ್ಲೋರಿನ್ ಬೆರೆತು ಬರುತ್ತೆ. ಕ್ಲೋರಿನ್ ಮೀನಿನ ಕಿವಿರನ್ನೂ ಸುಡುತ್ತೆ, ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತೆ. ಅದಕ್ಕೇ ಆಂಟಿ ಕ್ಲೋರಿನ್ ಹಾಕಿಯೇ ನೀರು ತುಂಬಿ. ಫಿಲ್ಟರ್ ಸಾಮಾನು ನಲ್ಲಿ ಕೆಳಗೆ ತೊಳೆಯದೆ, ಟ್ಯಾಂಕಿಂದ ತೆಗೆದ ಹಳೇ ನೀರಲ್ಲೇ ಜಾಲಿಸಿ. ಇವತ್ತು ಕಾವೇರಿ, ನಾಳೆ ಬೋರ್ ಅಂತ ಒಮ್ಮೆಲೇ ಬದಲಿಸೋದೂ ಬೇಡ. ಬೋರ್ ನೀರು ಗಡಸು, ಮೀನಿಗೆ ಒಗ್ಗೋಕೆ ಟೈಮ್ ಬೇಕು.

ಸಂಪ್ ಇದ್ದರೂ ನೈಟ್ರೇಟ್ ಸೇರುತ್ತಲೇ ಇರುತ್ತೆ, ವಾರಕ್ಕೆ ಐದನೇ ಒಂದು ಭಾಗ ನೀರು ಬದಲಿಸಲೇಬೇಕು. ಸಂಪ್ ನೀರೂ ಸೇರಿದರೆ ಇದು 170 ಲೀಟರ್ ಆಸುಪಾಸು. 2024ರ ಮಾರ್ಚ್‌ನಲ್ಲಿ ನೀರಿಗೆ ಬರ ಬಂದಾಗ ಗಾಡಿ ತೊಳೆಯೋಕೆ, ಗಿಡಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದು ನೆನಪಿರಲಿ. ತೆಗೆದ ನೀರನ್ನು ಮೋರಿಗೆ ಬಿಡದೆ ಗಿಡಕ್ಕೆ ಹಾಕಿ, ಟಾಯ್ಲೆಟ್ಟಿಗೆ ಬಳಸಿ. ವಾರಕ್ಕೆ ಇಷ್ಟು ನೀರು ಬೇಸಿಗೆಯಲ್ಲೂ ಹೊಂದಿಸೋಕೆ ಆಗುತ್ತಾ ಅನ್ನೋದನ್ನು ಟ್ಯಾಂಕಿಗೆ ಅಡ್ವಾನ್ಸ್ ಕೊಡೋ ಮುಂಚೆಯೇ ಯೋಚಿಸಿ.