ನೇರ ಬೀದಿಯ ಕೊನೆಗೊಂದು ಗೋಪುರ: ಬರೋಕ್ ನಗರ ಯೋಜನೆ ಮತ್ತು ನಮ್ಮ ಗಣಿತ ತರಗತಿ

ಹತ್ತನೇ ತರಗತಿಯಲ್ಲಿ ಉನ್ನತ ಕೋನವನ್ನು ಸಾಮಾನ್ಯವಾಗಿ ಕಂಬ, ಏಣಿ, ನೆರಳಿನ ಲೆಕ್ಕಗಳಿಂದ ಕಲಿಸುತ್ತೇವೆ. ಸಾಣಾಪುರದ ಮಕ್ಕಳಿಗೆ ಇನ್ನೂ ಒಳ್ಳೆಯ ಉದಾಹರಣೆ ಹೊಳೆಯಾಚೆಗೇ ಇದೆ. ಅದು ಹಂಪಿಯ ವಿರೂಪಾಕ್ಷ ಬಜಾರು. ಆ ಬೀದಿಯನ್ನು ಯುರೋಪಿನ ಬರೋಕ್ ನಗರ ಯೋಜನೆಯ ಜೊತೆಗಿಟ್ಟು ನೋಡಿದರೆ ಗಣಿತವೂ ಸಮಾಜ ವಿಜ್ಞಾನವೂ ಒಂದೇ ಪಾಠದಲ್ಲಿ ಕೂಡುತ್ತವೆ.

ಬರೋಕ್ ಯೋಜನೆಯ ಲಕ್ಷಣಗಳು ಮುಖ್ಯವಾಗಿ ಮೂರು: ನೇರವಾದ ರಸ್ತೆ, ಅದರ ಕೊನೆಗೆ ಕಣ್ಣು ಸೆಳೆಯುವ ಕಟ್ಟಡ ಅಥವಾ ಸ್ತಂಭ, ಹಲವು ರಸ್ತೆಗಳು ಬಂದು ಸೇರುವ ವೃತ್ತ. 1585ರಿಂದ 1590ರವರೆಗೆ ಪೋಪ್ ಆಗಿದ್ದ ಐದನೇ ಸಿಕ್ಸ್ಟಸ್ ರೋಮ್ ನಗರದ ದೊಡ್ಡ ಚರ್ಚುಗಳ ನಡುವೆ ಯಾತ್ರಿಕರಿಗಾಗಿ ಇಂಥ ರಸ್ತೆಗಳನ್ನು ಹಾಕಿಸಿದನು. 19ನೇ ಶತಮಾನ ಈ ವಿಧಾನವನ್ನು ಮತ್ತೆ ಕೈಗೆತ್ತಿಕೊಂಡಿತು. ಪ್ಯಾರಿಸ್‌ನಲ್ಲಿ 1853ರಿಂದ 1870ರವರೆಗೆ ಓಸ್ಮಾನ್ ಎಂಬ ಅಧಿಕಾರಿ ಹಳೆಯ ಓಣಿಗಳನ್ನು ಸೀಳಿ ಅಗಲವಾದ ರಸ್ತೆಗಳನ್ನು ತೆಗೆದನು. ಗಾಳಿ, ಬೆಳಕು, ಒಳಚರಂಡಿ ಬಂದವು. ಸಾವಿರಾರು ಬಡವರು ಮನೆ ಕಳೆದುಕೊಂಡರು. 1889ರಲ್ಲಿ ವಿಯೆನ್ನಾದ ಕಮಿಲ್ಲೊ ಸಿಟ್ಟೆ ಇದನ್ನು ಪ್ರಶ್ನಿಸಿದನು. ಬರೋಕ್ ಕಾಲದಿಂದ ಕಲಿಯಬೇಕಾದದ್ದು ರಸ್ತೆಯ ಅಗಲವಲ್ಲ, ಕಟ್ಟಡಗಳು ಸುತ್ತುವರಿದ ಚೌಕದ ಹದವಾದ ಅಳತೆ ಎಂಬುದು ಅವನ ವಾದ.

ನಮ್ಮ ನಾಡಿನಲ್ಲಿ ಈ ಲಕ್ಷಣಗಳು ಸ್ಪಷ್ಟವಾಗಿ ಕಾಣುವುದು ಮೈಸೂರಿನಲ್ಲಿ. 1897ರಲ್ಲಿ ಹಳೆಯ ಅರಮನೆ ಸುಟ್ಟಿತು. ಆಮೇಲೆ ಪ್ಲೇಗ್ ಬಂತು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. ಹೊಸ ಅರಮನೆ 1912ರಲ್ಲಿ ಮುಗಿಯಿತು. ಅರಮನೆಯ ಉತ್ತರಕ್ಕೆ ಚಾಮರಾಜ ವೃತ್ತ, ಮುಂದೆ ಕೃಷ್ಣರಾಜ ವೃತ್ತ, ಅಲ್ಲಿಂದ ಸಯ್ಯಾಜಿರಾವ್ ರಸ್ತೆ. ದಸರಾ ಮೆರವಣಿಗೆ ಸಾಗುವುದು ಇದೇ ದಾರಿಯಲ್ಲಿ.

ಹಂಪಿಯ ಬೀದಿಯನ್ನು ಬರೋಕ್ ಎನ್ನಲಾಗದು. ಅದು ತೇರಿಗಾಗಿ ಆದ ಬೀದಿ, ಸಿಕ್ಸ್ಟಸ್‌ನ ರಸ್ತೆಗಳಿಗಿಂತ ಹಳೆಯದು. ಆದರೆ ರೇಖಾಗಣಿತ ಒಂದೇ. ಪಶ್ಚಿಮದ ತುದಿಗೆ ಸುಮಾರು 50 ಮೀಟರ್ ಎತ್ತರದ ಗೋಪುರ, ಸುಮಾರು 750 ಮೀಟರ್ ದೂರದ ಪೂರ್ವದ ತುದಿಗೆ ಎದುರು ಬಸವಣ್ಣ. ಬಸವಣ್ಣನ ಬಳಿ ನಿಂತರೆ ಟ್ಯಾನ್ ಬೆಲೆ 50/750. ಉನ್ನತ ಕೋನ ಸುಮಾರು 4 ಡಿಗ್ರಿ. 200 ಮೀಟರ್‌ಗೆ ಬಂದಾಗ 14 ಡಿಗ್ರಿ, 50 ಮೀಟರ್‌ಗೆ ಬಂದಾಗ 45 ಡಿಗ್ರಿ. ಮೊದಲ 550 ಮೀಟರ್ ನಡೆದರೆ ಕೋನ ಹೆಚ್ಚುವುದು 10 ಡಿಗ್ರಿ, ಮುಂದಿನ 150 ಮೀಟರ್‌ಗೆ 31 ಡಿಗ್ರಿ! ಹತ್ತಿರ ಹೋದಂತೆ ಗೋಪುರ ಒಮ್ಮೆಲೇ ಬೆಳೆದಂತೆ ಕಾಣುವುದಕ್ಕೆ ಇದೇ ಕಾರಣ. ಕೋನಮಾಪಕ, ದಾರ, ಒಂದು ಕಲ್ಲು ಇದ್ದರೆ ಮಕ್ಕಳೇ ಅಳೆಯಬಹುದು.

ಲೆಕ್ಕ ಮುಗಿದ ಮೇಲೆ ಚರ್ಚೆಗೂ ಸಮಯ ಇಡಬೇಕು. 2011ರಲ್ಲಿ ಇದೇ ಬಜಾರಿನ ಮಂಟಪಗಳಲ್ಲಿದ್ದ ಕುಟುಂಬಗಳನ್ನು ಪರಂಪರೆಯ ರಕ್ಷಣೆಗೆಂದು ತೆರವುಗೊಳಿಸಲಾಯಿತು. ಸಾಣಾಪುರವೂ ಹಂಪಿ ವಿಶ್ವ ಪರಂಪರೆ ಪ್ರದೇಶದ ನಿಯಮಗಳಿಗೆ ಒಳಪಟ್ಟ ಊರು. ಹಾಗಾಗಿ ಪರಂಪರೆ ಎಂಬುದು ನಮ್ಮ ಮಕ್ಕಳಿಗೆ ಪುಸ್ತಕದ ಪದವಷ್ಟೇ ಅಲ್ಲ, ಮನೆಯ ಮಾತು. ಕೇಳಬೇಕಾದ ಪ್ರಶ್ನೆ ಇಷ್ಟು: ಈ ನೋಟ ಯಾರಿಗಾಗಿ, ಅದಕ್ಕೆ ಜಾಗ ಬಿಟ್ಟವರು ಯಾರು? ಉತ್ತರವನ್ನು ನಾವು ಹೇಳಿಕೊಡುವುದು ಬೇಡ; ಪರ, ವಿರೋಧ ಎರಡಕ್ಕೂ ಮಕ್ಕಳಿಂದಲೇ ಕಾರಣ ಬರೆಸಿದರೆ ಸಾಕು.